ಬೆಳ್ಳಿ ದುಡಿದ ತೋಟ, ರೂತಳು ತೆನೆ ಆಯ್ದ ಹೊಲ

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿ ಪ್ರಕಟವಾದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ನಿರ್ದೇಶಿಸಿದ ಚಲನಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ, ಕಾದಂಬರಿಯನ್ನು ಓದದವರಿಗೂ ಚೋಮ ಪರಿಚಿತನಾದ. ಇದನ್ನು ಅಸ್ಪೃಶ್ಯತೆಯ ಕಥೆಯೆಂದು ಎಲ್ಲರೂ ಬಲ್ಲರು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಘಟ್ಟದ ಕಾಫಿ ತೋಟಕ್ಕೆ ಹೋದವರ ಕಥೆಯೂ ಇದರಲ್ಲಿದೆ. ಕ್ರೈಸ್ತರಾದ ನಾವು ಆ ಭಾಗವನ್ನು ಸಾವಧಾನವಾಗಿ ಓದಬೇಕಾಗಿದೆ.

ಚೋಮನಿಗೆ ಎತ್ತುಗಳಿವೆ, ಉಳಲು ಹೊಲವಿಲ್ಲ. ಅಸ್ಪೃಶ್ಯನಿಗೆ ಬೇಸಾಯದ ಹಕ್ಕಿಲ್ಲ. ಅವನಿಗಿರುವುದು ತೋಟದ ಸಾಲ. ಅದನ್ನು ತೀರಿಸಲು ಇಬ್ಬರು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬನು ಕಾಯಿಲೆಗೆ ಬಲಿಯಾಗುತ್ತಾನೆ. ಇನ್ನೊಬ್ಬನು ಕ್ರೈಸ್ತ ಯುವತಿಯ ಕೈಹಿಡಿದು ತಾನೂ ಕ್ರೈಸ್ತನಾಗುತ್ತಾನೆ. ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಕಡೆಗೆ ಮಗಳು ಬೆಳ್ಳಿಯೇ ತೋಟಕ್ಕೆ ಹೋಗಬೇಕಾಗುತ್ತದೆ. ಬೆವರಿನಿಂದ ತೀರದ ಸಾಲ ಅವಳ ಮಾನದ ಬೆಲೆಗೆ ತೀರುತ್ತದೆ.

ಕಾರಂತರು ಇಲ್ಲಿ ಉಪದೇಶ ಮಾಡುವುದಿಲ್ಲ, ಕಣ್ಣೀರು ಸುರಿಸುವುದೂ ಇಲ್ಲ. ಕೂಲಿಗಾಗಿ ಹೋಗುವವನಿಗೂ ಸಾಲಕ್ಕಾಗಿ ಹೋಗುವವನಿಗೂ ಇರುವ ಅಂತರವನ್ನು ಘಟನೆಗಳ ಮೂಲಕವೇ ಕಾಣಿಸುತ್ತಾರೆ. ಮೊದಲನೆಯವನು ಬೇಡವೆನಿಸಿದರೆ ಹಿಂದಿರುಗಬಲ್ಲ. ಎರಡನೆಯವನಿಗೆ ಆ ದಾರಿ ಮುಚ್ಚಿದೆ. ಜೀತವಿಮುಕ್ತಿಯ ಕಾನೂನು ಬಂದದ್ದು 1976ರಲ್ಲಿ. ಅದಕ್ಕಿಂತ ನಾಲ್ಕು ದಶಕಗಳ ಮೊದಲೇ ಕಾದಂಬರಿಕಾರರು ಈ ಸಂಕೋಲೆಯನ್ನು ಗುರುತಿಸಿದ್ದರು.

ನಮ್ಮನ್ನು ಕಾಡಬೇಕಾದ ಪಾತ್ರ ತೋಟದ ರೈಟರ್ ಮನ್ವೇಲ. ಹೆಸರೇ ಹೇಳುವಂತೆ ಅವನು ನಮ್ಮವನು. ಚೋಮನ ಮಗನಿಗೆ ಆಸರೆಯಾದ ಧರ್ಮದವನೇ ಮಗಳ ಅಸಹಾಯಕತೆಯನ್ನು ಬಳಸಿಕೊಳ್ಳುತ್ತಾನೆ. ಲೇಖಕರು ಕ್ರೈಸ್ತರಿಗೆ ಅನ್ಯಾಯ ಮಾಡಿದರೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆನ್ನಿಸುವುದಿಲ್ಲ. ಹೊಲ ಕೊಡಲಾರದ ಧಣಿಯ ಮನೆಯನ್ನಾಗಲಿ, ಅಸ್ಪೃಶ್ಯನೆಂಬ ಕಾರಣಕ್ಕೆ ನೀರಿನಲ್ಲಿ ಮುಳುಗುತ್ತಿದ್ದ ಹುಡುಗನನ್ನು ಮುಟ್ಟದೆ ನಿಂತ ಜನರನ್ನಾಗಲಿ ಅವರು ಬಿಟ್ಟಿಲ್ಲ. ಮನ್ವೇಲನು ರಾಕ್ಷಸನೂ ಅಲ್ಲ. ಇನ್ನೊಬ್ಬರ ಬದುಕಿನ ಲೆಕ್ಕವನ್ನು ಕೈಯಲ್ಲಿ ಹಿಡಿದ ಸಾಮಾನ್ಯ ಮನುಷ್ಯ. ಅವನಿಗೆ ಅಂಜಬೇಕಾದದ್ದು ಅದಕ್ಕಾಗಿಯೇ.

ಕೃತಿಯಲ್ಲಿ ಒಂದು ಕೊರತೆಯನ್ನು ಕಾಣುತ್ತೇನೆ. ಚೋಮನ ಅಂತರಂಗವು ಅವನ ದುಡಿಯ ನಾದದಲ್ಲಿ ನಮಗೆ ಕೇಳಿಸುತ್ತದೆ. ಬೆಳ್ಳಿಯ ಅಂತರಂಗ ಅಷ್ಟು ಕೇಳಿಸುವುದಿಲ್ಲ. ಹೆಚ್ಚು ಕಳೆದುಕೊಂಡವಳ ಪಾಲಿಗೆ ಮಾತು ಕಡಿಮೆ.

ಪವಿತ್ರ ಗ್ರಂಥದಲ್ಲಿಯೂ ಹೊಟ್ಟೆಪಾಡಿಗಾಗಿ ಪರರ ಹೊಲಕ್ಕೆ ಬಂದ ಹೆಣ್ಣೊಬ್ಬಳಿದ್ದಾಳೆ. ಮೋವಾಬಿನ ರೂತಳು ಬೆತ್ಲೆಹೇಮಿನಲ್ಲಿ ತೆನೆ ಆಯಲು ಬಂದಾಗ, ಹೊಲದ ಒಡೆಯ ಬೋವಜನು ಅವಳಿಗೆ ತೊಂದರೆ ಕೊಡಬಾರದೆಂದು ತನ್ನ ಆಳುಗಳಿಗೆ ಮೊದಲೇ ಕಟ್ಟಪ್ಪಣೆ ಮಾಡಿದನು. ಅವಳಿಗೆ ಕುಡಿಯಲು ನೀರು, ಕೂಲಿಯಾಳುಗಳ ಸಾಲಿನಲ್ಲಿಯೇ ಊಟಕ್ಕೆ ಸ್ಥಳ ದೊರೆಯಿತು. ಬೆಳ್ಳಿಗೆ ದೊರೆಯದೆ ಹೋದದ್ದು ಇಂತಹ ಒಬ್ಬ ಒಡೆಯ.

ಇಂದು ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಅಸ್ಸಾಮಿನಂತಹ ದೂರದ ರಾಜ್ಯಗಳಿಂದ ಕುಟುಂಬಗಳು ಬರುತ್ತಿವೆ. ಭಾಷೆ ಬಾರದ ಊರಿನಲ್ಲಿ, ಲೈನ್ ಮನೆಗಳಲ್ಲಿ ಅವರ ವಾಸ. ನಮ್ಮಲ್ಲಿ ತೋಟವಿರುವವರಿದ್ದಾರೆ, ಮೇಸ್ತ್ರಿಗಳಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ. ಕೂಲಿಯಾಳಿನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬುದು ಧರ್ಮೋಪದೇಶಕಾಂಡದ ಆಜ್ಞೆ. ಭಾನುವಾರದ ಬಲಿಪೂಜೆಯಲ್ಲಿ ಅವರಲ್ಲೊಬ್ಬರು ಹಿಂದಿನ ಸಾಲಿನಲ್ಲಿ ನಿಂತಿದ್ದರೆ, ಅವರ ಕಣ್ಣಿಗೆ ನಾವು ಬೋವಜರಾಗಿ ಕಾಣುತ್ತೇವೆಯೋ, ಮನ್ವೇಲರಾಗಿಯೋ? ಪಾಪನಿವೇದನೆಗೆ ಮೊಣಕಾಲೂರುವ ಮುನ್ನ ಈ ಪ್ರಶ್ನೆಯನ್ನು ಕೇಳಿಕೊಳ್ಳೋಣ.