ದುಂಡು ಥರ್ಮೋಸ್ಟಾಟ್‌ನ ಎರಡು ಅವತಾರ

ಅಮೆರಿಕದ ಮನೆಗಳಲ್ಲಿ ಎಲ್ಲರ ಕೈಗೂ ಎಟಕುವ, ಎಲ್ಲರ ಜಗಳಕ್ಕೂ ಕಾರಣವಾಗುವ ವಸ್ತುವೆಂದರೆ ಮನೆಯ ತಾಪವನ್ನು ಹಿಡಿತದಲ್ಲಿಡುವ, ಗೋಡೆಯ ಮೇಲಿನ ಥರ್ಮೋಸ್ಟಾಟ್. ಗಂಡನಿಗೆ ಸೆಕೆ, ಹೆಂಡತಿಗೆ ಚಳಿ. ಊರಿಂದ ಬಂದ ಅತ್ತೆಗಂತೂ ಸ್ವೆಟರಿನ ಮೇಲೆ ಶಾಲು ಹೊದ್ದರೂ ಸಾಲದು. ಮಿನಿಯಾಪೊಲಿಸ್, ಷಿಕಾಗೊ ಕಡೆಯ ಜನವರಿಯಲ್ಲಿ ಮನೆಯೊಳಗಿನ ನೆಮ್ಮದಿಯೆಲ್ಲ ಇದರ ಮೇಲೇ ನಿಂತಿರುತ್ತದೆ. ಇದರ ಎರಡು ಹೆಸರುವಾಸಿ ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು: 1953ರಲ್ಲಿ ಬಂದ ಹನಿವೆಲ್ 'ರೌಂಡ್' ಮತ್ತು 2011ರಲ್ಲಿ ಬಂದ ನೆಸ್ಟ್. ಎರಡೂ ದುಂಡಗಿವೆ, ಎರಡನ್ನೂ ತಿರುಗಿಸಿಯೇ ಬಳಸಬೇಕು. ನನ್ನ ಮಟ್ಟಿಗೆ ಮೊದಲನೆಯದೇ ಮೇಲಾದ ಕೃತಿ. ಎರಡನೆಯದು ತಾನು ಕೊಚ್ಚಿಕೊಳ್ಳುವ ಗುಣದಲ್ಲೇ ಸೋಲುತ್ತದೆ, ಅಷ್ಟಾಗಿ ಹೇಳಿಕೊಳ್ಳದ ಒಂದು ಸಣ್ಣ ಗುಣದಲ್ಲಿ ಗೆಲ್ಲುತ್ತದೆ.

ರೌಂಡ್‌ಗೆ ರೂಪ ಕೊಟ್ಟವರು ಹೆನ್ರಿ ಡ್ರೇಫಸ್. ಅಮೆರಿಕದ ಮನೆಮನೆಯಲ್ಲಿದ್ದ ಡಯಲ್ ಟೆಲಿಫೋನನ್ನು ವಿನ್ಯಾಸ ಮಾಡಿದವರೂ ಅವರೇ. ಮುಚ್ಚಳ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬೇಕೆಂದರೆ ಅದಕ್ಕೂ ಗೋಡೆಯ ಬಣ್ಣವನ್ನೇ ಬಳಿಯಬಹುದಿತ್ತು. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯ ಸುರುಳಿ, ಅದಕ್ಕೆ ಅಂಟಿಕೊಂಡ ಪುಟ್ಟ ಗಾಜಿನ ಕೊಳವೆ, ಕೊಳವೆಯೊಳಗೆ ಪಾದರಸ. ಕೋಣೆ ತಣ್ಣಗಾದಂತೆ ಸುರುಳಿ ತುಸು ಹೊರಳುತ್ತದೆ, ಕೊಳವೆ ವಾಲುತ್ತದೆ, ಪಾದರಸ ಸರಕ್ಕನೆ ಒಂದು ಬದಿಗೆ ಜಾರಿ ಎರಡು ತಂತಿಗಳ ತುದಿಗಳನ್ನು ಜೋಡಿಸುತ್ತದೆ. ಅಲ್ಲಿಂದ 24 ವೋಲ್ಟಿನ ಸಣ್ಣ ವಿದ್ಯುತ್ತು ಹರಿದು ಮನೆಯನ್ನು ಬೆಚ್ಚಗಿಡುವ ನೆಲಮಾಳಿಗೆಯ ಫರ್ನೇಸ್ ಹೊತ್ತಿಕೊಳ್ಳುತ್ತದೆ. ಬೆಚ್ಚಗಾದರೆ ಕೊಳವೆ ಮತ್ತೆ ಹಿಂದಕ್ಕೆ ವಾಲುತ್ತದೆ, ಫರ್ನೇಸ್ ಆರುತ್ತದೆ. ಡಯಲನ್ನು ಮೆಲ್ಲಗೆ ತಿರುಗಿಸುತ್ತಾ ನೋಡಿದರೆ ಈ ಇಡೀ ವ್ಯವಹಾರ ಹತ್ತು ವರ್ಷದ ಹುಡುಗಿಗೂ ಅರ್ಥವಾಗುತ್ತದೆ. ಮುಖದ ಮೇಲೂ ಎರಡೇ ಸಂಗತಿ: ಕೋಣೆ ಈಗ ಎಷ್ಟಿದೆ, ನಾವು ಕೇಳಿದ್ದು ಎಷ್ಟು.

ಕುಂದುಗಳೂ ಇವೆ. ಮುಖ ದುಂಡಗಿರುವುದರಿಂದ ಸೊಟ್ಟಗೆ ಕೂರಿಸಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಆದರೆ ಒಳಗಿನ ಪಾದರಸಕ್ಕೆ ಗೊತ್ತಾಗುತ್ತದೆ. ಮಟ್ಟ ನೋಡಿ ಕೂರಿಸದಿದ್ದರೆ ಎಣಿಸಿದ ತಾಪಕ್ಕೆ ಫರ್ನೇಸ್ ಆರುವುದಿಲ್ಲ. ಪಾದರಸ ವಿಷ, ಹಳೆಯದನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. ರಾತ್ರಿ ತಾಪ ಇಳಿಸಿ ಬೆಳಿಗ್ಗೆ ಏರಿಸುವುದು ಅದಕ್ಕೆ ತಾನಾಗಿ ಬರುವುದಿಲ್ಲ, ಯಾರಾದರೂ ಎದ್ದು ಹೋಗಿ ತಿರುಗಿಸಬೇಕು. ಇದು ಸಣ್ಣ ಕೊರತೆಯಲ್ಲ. ದಿನಕ್ಕೆ ಎಂಟು ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಬದಲಿಸಿಟ್ಟರೆ ವರ್ಷದ ಬಿಸಿ-ತಂಪಿನ ಖರ್ಚಿನಲ್ಲಿ ಶೇ. 10ರವರೆಗೆ ಉಳಿಸಬಹುದೆಂದು ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ.

ಇಷ್ಟು ಸರಳವಾದ ಯಂತ್ರವನ್ನೂ ಜನ ತಪ್ಪಾಗಿ ಬಳಸುತ್ತಿದ್ದರು. ಚಳಿಯಾದಾಗ 68 ಡಿಗ್ರಿ ಫ್ಯಾರನ್‌ಹೀಟ್ ಬದಲು 80ಕ್ಕೆ ತಿರುಗಿಸಿದರೆ ಮನೆ ಬೇಗ ಬೆಚ್ಚಗಾಗುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣ. ಮಾನವಶಾಸ್ತ್ರಜ್ಞ ವಿಲೆಟ್ ಕೆಂಪ್ಟನ್ 1986ರ ಪ್ರಬಂಧದಲ್ಲಿ ಇದನ್ನು 'ವಾಲ್ವ್ ಸಿದ್ಧಾಂತ' ಎಂದು ಕರೆದರು: ಒಲೆಯ ಉರಿ ಜೋರು ಮಾಡಿದಂತೆ ಎಂದುಕೊಳ್ಳುವವರು ಒಂದು ಕಡೆ, ಇದು ಬರೀ ಆನ್-ಆಫ್ ಸ್ವಿಚ್ಚು ಎಂದು ತಿಳಿದವರು ಇನ್ನೊಂದು ಕಡೆ. ಅಲ್ಲಿನ ಸಾಮಾನ್ಯ ಫರ್ನೇಸ್ ಒಂದೇ ವೇಗದಲ್ಲಿ ಉರಿಯುತ್ತದೆ. 80ಕ್ಕೆ ಇಟ್ಟರೂ 68 ತಲುಪಲು ಹಿಡಿಯುವುದು ಅಷ್ಟೇ ಹೊತ್ತು. ವ್ಯತ್ಯಾಸವೆಂದರೆ 68 ದಾಟಿದರೂ ಅದು ನಿಲ್ಲುವುದಿಲ್ಲ. ಹಾಗೆಂದು ತಿರುಗಿಸಿದವರನ್ನು ದಡ್ಡರೆನ್ನುವುದು ಸಲ್ಲದು. ಫ್ಯಾನಿನ ರೆಗ್ಯುಲೇಟರು, ನಲ್ಲಿ, ಗ್ಯಾಸ್ ಒಲೆ ಎಲ್ಲವೂ ಅದೇ ಪಾಠ ಕಲಿಸಿರುವಾಗ ಇದೊಂದು ಬೇರೆ ಎಂದು ಹೇಳುವ ಹೊಣೆ ಯಂತ್ರದ್ದು. ನಮ್ಮ ಬೆಂಗಳೂರು, ಕಲಬುರಗಿಯ ಬೇಸಿಗೆಯಲ್ಲಿ ಏಸಿ ರಿಮೋಟು 16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದೂ ಇದೇ ಎಣಿಕೆಯಿಂದ. ಹೊಸ ಏಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ಭಾರತದಲ್ಲಿ 2020ರ ಜನವರಿಯಿಂದ ನಿಯಮ ಬಂದದ್ದು ಒಳ್ಳೆಯದಾಯಿತು, ಆದರೆ ರಿಮೋಟು ಇನ್ನೂ ಏನನ್ನೂ ವಿವರಿಸುವುದಿಲ್ಲ.

ಈ ಎರಡು ಅವತಾರಗಳ ನಡುವೆ ಬಂದ ಪ್ರೋಗ್ರಾಮ್ ಮಾಡುವ ಥರ್ಮೋಸ್ಟಾಟ್‌ಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಚಿಕ್ಕ ಗುಂಡಿಗಳು, ಮಸುಕು ಪರದೆ, ವಾರದ ಏಳು ದಿನಕ್ಕೆ ನಾಲ್ಕು ನಾಲ್ಕು ಹೊತ್ತು. ಬೇಸತ್ತ ಜನ ಒಂದೇ ತಾಪಕ್ಕೆ ನಿಲ್ಲಿಸುವ 'ಹೋಲ್ಡ್' ಒತ್ತಿ ಬಿಟ್ಟುಬಿಟ್ಟರು. ನಿರೀಕ್ಷಿಸಿದ ಉಳಿತಾಯ ಕಾಣದೆ, ಇಂಧನ ಉಳಿಸುವ ಉಪಕರಣಗಳಿಗೆ ಮುದ್ರೆ ಕೊಡುವ ಅಮೆರಿಕ ಸರ್ಕಾರದ ಯೋಜನೆ ಎನರ್ಜಿ ಸ್ಟಾರ್ 2009ರ ಕೊನೆಗೆ ಅವುಗಳಿಗೆ ತನ್ನ ಮುದ್ರೆ ಕೊಡುವುದನ್ನೇ ನಿಲ್ಲಿಸಿತು.

ನೆಸ್ಟ್ ಬಂದದ್ದು ಆ ಬೇಸರದ ಮೇಲೆ. ಐಪಾಡ್ ತಂಡದಲ್ಲಿದ್ದ ಟೋನಿ ಫಡೆಲ್ ಮತ್ತು ಮ್ಯಾಟ್ ರೋಜರ್ಸ್ ಕಟ್ಟಿದ ಕಂಪನಿ ಅದು. 2014ರಲ್ಲಿ ಗೂಗಲ್ ಅದನ್ನು 320 ಕೋಟಿ ಡಾಲರಿಗೆ ಕೊಂಡಿತು. ಕೂರಿಸುವ ಕೆಲಸವನ್ನು ಅದು ನಿಜಕ್ಕೂ ಹಗುರ ಮಾಡಿತು. ಮೊದಲು ಫರ್ನೇಸಿನ ವಿದ್ಯುತ್ ತೆಗೆದು, ಹಳೆಯ ತಂತಿಗಳ ಫೋಟೊ ಹಿಡಿದು, ಬಣ್ಣವನ್ನಲ್ಲ, ಆಯಾ ತಂತಿ ಕೂತಿದ್ದ ಜಾಗದ ಅಕ್ಷರವನ್ನು ನೋಡಿ ಜೋಡಿಸಬೇಕು: ಆರ್ ವಿದ್ಯುತ್ತಿಗೆ, ಡಬ್ಲ್ಯೂ ಬಿಸಿಗೆ, ವೈ ತಂಪಿಗೆ, ಜಿ ಫ್ಯಾನಿಗೆ. ಯಾವ ತಂತಿ ಎಲ್ಲಿಗೆ ಬಂತೆಂದು ನೆಸ್ಟ್ ಪರದೆಯ ಮೇಲೇ ತೋರಿಸುತ್ತದೆ. ತೊಡಕಿರುವುದು ಥರ್ಮೋಸ್ಟಾಟ್‌ಗೇ ಸದಾ ವಿದ್ಯುತ್ ಸಿಗುವಂತೆ ಮಾಡುವ ಸಿ ತಂತಿಯಲ್ಲಿ. ಎಷ್ಟೋ ಹಳೆಯ ಮನೆಗಳ ಗೋಡೆಯಲ್ಲಿ ಅದು ಇರುವುದೇ ಇಲ್ಲ, ಏಕೆಂದರೆ ಪಾದರಸದ ಥರ್ಮೋಸ್ಟಾಟ್‌ಗೆ ತನಗೆಂದೇ ಕರೆಂಟು ಬೇಕಿರಲಿಲ್ಲ. ಆಗ ನೆಸ್ಟ್ ಉಳಿದ ತಂತಿಗಳಿಂದಲೇ ಚೂರುಪಾರು ವಿದ್ಯುತ್ ಎಳೆದುಕೊಂಡು ಬ್ಯಾಟರಿ ತುಂಬಿಕೊಳ್ಳುತ್ತದೆ. ಎಲ್ಲ ಮನೆಗಳಲ್ಲೂ ಇದು ಒಗ್ಗುವುದಿಲ್ಲ. ಸಿ ತಂತಿ ಎಳೆಸಿಕೊಳ್ಳುವುದೇ ಲೇಸು.

ಅದರ ಒಳ್ಳೆಯ ಗುಣ ಎಂದೆನಲ್ಲ, ಅದು ಇದು: ಡಯಲ್ ತಿರುಗಿಸಿದಾಗ ಆ ತಾಪ ಮುಟ್ಟಲು ಎಷ್ಟು ನಿಮಿಷ ಬೇಕೆಂದು ನೆಸ್ಟ್ ಬರೆದು ತೋರಿಸುತ್ತದೆ. ಇನ್ನೂ ಮೇಲಕ್ಕೆ ತಿರುಗಿಸಿ, ನಿಮಿಷ ಹೆಚ್ಚುತ್ತದೆ. ಕೆಂಪ್ಟನ್ ಗುರುತಿಸಿದ ತಪ್ಪು ಎಣಿಕೆಯನ್ನು, ಒಂದು ಮಾತೂ ಉಪದೇಶಿಸದೆ, ಆ ಅಂಕಿಯೊಂದೇ ತಿದ್ದುತ್ತದೆ. ಥರ್ಮೋಸ್ಟಾಟ್‌ನ ಇತಿಹಾಸದಲ್ಲೇ ಇದಕ್ಕಿಂತ ಜಾಣ ವಿನ್ಯಾಸವನ್ನು ನಾನು ಕಂಡಿಲ್ಲ.

ನೆಸ್ಟ್ ಕೊಚ್ಚಿಕೊಳ್ಳುವ 'ಕಲಿಯುವುದು' ಮಾತ್ರ ನನಗೆ ಒಪ್ಪಿಗೆಯಾಗದು. ಯಾರು ಯಾವಾಗ ತಿರುಗಿಸಿದರೆಂದು ಗಮನಿಸಿ ಅದು ತಾನೇ ವೇಳಾಪಟ್ಟಿ ಮಾಡಿಕೊಳ್ಳುತ್ತದೆ. ಒಬ್ಬರೇ ಇರುವ, ಗಡಿಯಾರ ಹಿಡಿದು ಬದುಕುವ ಮನೆಗೆ ಸರಿ. ಆದರೆ ಮೈಸೂರಿಂದಲೋ ಶಿವಮೊಗ್ಗದಿಂದಲೋ ಅಪ್ಪ ಅಮ್ಮ ಆರು ತಿಂಗಳಿಗೆ ಬಂದ ಮನೆಯಲ್ಲಿ ಅದು ಯಾರಿಂದ ಕಲಿಯಬೇಕು? ಅಮ್ಮ ಏರಿಸಿದ್ದು, ಮಗ ಬಂದು ಇಳಿಸಿದ್ದು, ಮೊಮ್ಮಗು ಆಟಕ್ಕೆ ತಿರುಗಿಸಿದ್ದು, ಎಲ್ಲವೂ ಅದಕ್ಕೆ ಒಂದೇ. ಮನೆ ಖಾಲಿಯಿದೆಯೇ ಎಂಬುದನ್ನು ಅದು ತನ್ನ ಎದುರು ಹಾದುಹೋಗುವವರಿಂದ ಮತ್ತು ಫೋನುಗಳಿಂದ ಊಹಿಸುತ್ತದೆ. ಮಹಡಿಯ ಕೋಣೆಯಲ್ಲಿ ಕಂಬಳಿ ಹೊದ್ದು ಕೂತ, ಫೋನಿನಲ್ಲಿ ಆ ಆ್ಯಪ್ ಇಲ್ಲದ ಅಜ್ಜ ಆ ಲೆಕ್ಕಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಚಳಿ ಹೆಚ್ಚು ತಾಗುವವರೇ ಯಂತ್ರದ ಕಣ್ಣಿಗೆ ಬೀಳದೆ ಹೋಗುವುದು ದೊಡ್ಡ ದೋಷ, ಅದನ್ನು ಚಂದದ ಪರದೆ ಮುಚ್ಚಲಾರದು. ತಾಪ ಇಳಿದದ್ದೇಕೆ ಎಂದು ಅಜ್ಜ ಎದ್ದುಬಂದು ನೋಡಿದರೂ, ಪಾದರಸದ ಕೊಳವೆಯಲ್ಲಿ ಕಾಣುತ್ತಿದ್ದ ಕಾರಣ ಇಲ್ಲಿ ಕಾಣುವುದಿಲ್ಲ.

ಕಾರಣ ಒಮ್ಮೊಮ್ಮೆ ಮನೆಯೊಳಗೇ ಇರುವುದಿಲ್ಲ. 2016ರ ಜನವರಿಯ ಚಳಿಯಲ್ಲಿ ಸಾಫ್ಟ್‌ವೇರ್ ದೋಷವೊಂದು ನೆಸ್ಟ್‌ಗಳ ಬ್ಯಾಟರಿ ಬರಿದು ಮಾಡಿ ಅನೇಕ ಮನೆಗಳು ತಣ್ಣಗಾದವು. 2025ರ ಅಕ್ಟೋಬರಿನಲ್ಲಿ ಮೊದಲೆರಡು ತಲೆಮಾರಿನ ನೆಸ್ಟ್‌ಗಳಿಗೆ ಗೂಗಲ್ ಬೆಂಬಲ ನಿಲ್ಲಿಸಿತು. ಗೋಡೆಯ ಮೇಲೆ ಅವು ಕೆಲಸ ಮಾಡುತ್ತವೆ, ಫೋನಿನಿಂದ ಮಾತ್ರ ನಡೆಸುವಂತಿಲ್ಲ. 249 ಡಾಲರ್ ಕೊಟ್ಟು ಕೊಂಡವರಿಗೆ ಇದು ಅನ್ಯಾಯ. ಐವತ್ತರ ದಶಕದ ರೌಂಡ್‌ಗಳನ್ನು ದಶಕಗಟ್ಟಲೆ ಬಳಸಿದವರಿಗೆ ಅವುಗಳ ತಯಾರಕರ ಅಪ್ಪಣೆ ಬೇಕಾಗಲಿಲ್ಲ.

ಹಾಗಾದರೆ ಈಗಾಗಲೇ ಮನೆಯಲ್ಲಿರುವ ನೆಸ್ಟನ್ನು ಏನು ಮಾಡುವುದು? ಕಲಿಕೆಯನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ, ಬೆಳಿಗ್ಗೆ ಒಂದು, ರಾತ್ರಿ ಒಂದು ತಾಪವನ್ನು ಕೈಯಾರೆ ಇಡಿ. ಹಿರಿಯರು ಬಂದಿರುವಾಗ, ಮನೆ ಖಾಲಿ ಎಂದುಕೊಂಡು ತಾಪ ಇಳಿಸುವ ಸೌಲಭ್ಯವೂ ಬೇಡ. ಫರ್ನೇಸಿನ ಬದಲು ಹೊರಗಿನ ಬಿಸಿಯನ್ನು ಒಳಗೆಳೆದು ತರುವ ಹೀಟ್ ಪಂಪ್ ಇರುವ ಮನೆಯವರು ರಾತ್ರಿ ತೀರಾ ಇಳಿಸಬಾರದು. ಬೆಳಿಗ್ಗೆ ಒಮ್ಮೆಲೇ ಏರಿಸುವ ಆತುರಕ್ಕೆ ಅದರ ಜೊತೆಗಿರುವ ವಿದ್ಯುತ್ ಹೀಟರು ಉರಿಯತೊಡಗಿ, ರಾತ್ರಿ ಉಳಿದ ದುಡ್ಡು ಅಲ್ಲೇ ಹೋಗಬಹುದು. ಅಂಥ ಮನೆಯಲ್ಲಿ ಎರಡು ಮೂರು ಡಿಗ್ರಿ ಇಳಿಸಿದರೆ ಸಾಕು. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿ ಮೊದಲು ಕೇಳಬೇಕಾದದ್ದು, ಇಂಟರ್‌ನೆಟ್ ಇಲ್ಲದಾಗ ಇದರ ವೇಳಾಪಟ್ಟಿಯನ್ನು ಗೋಡೆಯ ಮೇಲೇ ಬದಲಿಸಲು ಬರುತ್ತದೆಯೇ ಎಂದು.