ಅಣು ಇಂಧನ ಸ್ಥಾವರಗಳ ರಾಸಾಯನಿಕ ಸುರಕ್ಷೆ: 2012ರ ಪರಿಶೋಧನಾ ವರದಿಯ ಒಂದು ವಿಮರ್ಶೆ

ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರು ಅಣುಶಕ್ತಿ ನಿಯಂತ್ರಣ ಮಂಡಲಿಯ ಕಾರ್ಯಕಲಾಪಗಳನ್ನು ಪರಿಶೋಧಿಸಿ ಬರೆದ ವರದಿಯು 2012ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಸಂಸತ್ತಿನ ಮುಂದೆ ಬಂದಿತು. ವಿಜ್ಞಾನಿಗಳೂ ಪತ್ರಿಕಾಕರ್ತರೂ ಅದನ್ನು ಆಗಲೇ ಸಾಕಷ್ಟು ಚರ್ಚಿಸಿದ್ದಾರೆ. ಆದರೂ ಚರಿತ್ರೆಯ ವಿದ್ಯಾರ್ಥಿಗಳು ಅದನ್ನು ಮತ್ತೊಮ್ಮೆ ಓದುವುದು ಉಚಿತವೆಂದು ನಮ್ಮ ಅಭಿಪ್ರಾಯ. ಆಡಳಿತದ ದಾಖಲೆಯೊಂದು ಏನು ಹೇಳಿದೆ ಎಂಬುದನ್ನು ನೋಡುವಷ್ಟೇ ಎಚ್ಚರದಿಂದ ಅದರ ಎಲ್ಲೆ ಎಲ್ಲಿಗೆ ನಿಂತಿದೆ, ಆ ಎಲ್ಲೆಯನ್ನು ಹಾಕಿದವರು ಯಾರು ಎಂಬುದನ್ನೂ ನೋಡಬೇಕೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಈ ವರದಿಯ ಎಲ್ಲೆಯ ಹೊರಗೆ ನಮ್ಮ ರಾಜ್ಯದ ಒಂದು ಸ್ಥಾವರವು ನಿಂತಿದೆ. ಅದು ಮೈಸೂರಿನ ಸಮೀಪ, ಇಲವಾಲದ ಬಳಿಯ ರತ್ನಹಳ್ಳಿಯಲ್ಲಿ ಯುರೇನಿಯಮ್ಮನ್ನು ಸಮೃದ್ಧಗೊಳಿಸುವ ಕಾರ್ಖಾನೆ.

ಮೊದಲು ವರದಿಗೆ ಸಲ್ಲಬೇಕಾದ ಮನ್ನಣೆಯನ್ನು ಸಲ್ಲಿಸೋಣ. 1962ರ ಅಣುಶಕ್ತಿ ಕಾಯಿದೆಯ ಮೇರೆಗೆ 1983ರ ನವೆಂಬರಿನಲ್ಲಿ ಸ್ಥಾಪಿತವಾದ ಮಂಡಲಿಯು ಸರ್ಕಾರದ ಅಧೀನ ಸಂಸ್ಥೆಯಾಗಿ ಉಳಿದುದನ್ನೂ, ನಿಯಮಗಳನ್ನು ತಾನೇ ರಚಿಸುವ ಅಧಿಕಾರ ಅದಕ್ಕಿಲ್ಲದಿದ್ದುದನ್ನೂ ವರದಿಯು ಮುಚ್ಚುಮರೆಯಿಲ್ಲದೆ ಹೇಳಿತು. ತಪ್ಪಿತಸ್ಥರಿಗೆ ವಿಧಿಸಬಹುದಾಗಿದ್ದ ಅತ್ಯಧಿಕ ದಂಡವು ಕೇವಲ 500 ರೂಪಾಯಿಯೆಂದು ತೋರಿಸಿಕೊಟ್ಟಿತು. ಸುರಕ್ಷೆಗೆ ಸಂಬಂಧಿಸಿದ 27 ಸಂಹಿತೆಗಳೂ ಮಾರ್ಗದರ್ಶಿಗಳೂ ಇನ್ನೂ ಸಿದ್ಧವಾಗಿಲ್ಲವೆಂದಿತು. ದೇಶದ 57,443 ವೈದ್ಯಕೀಯ ಎಕ್ಸ್-ರೇ ಘಟಕಗಳಲ್ಲಿ 5,270 ಮಾತ್ರ ನೋಂದಾಯಿತವಾಗಿದ್ದುವೆಂಬ ಅದರ ಲೆಕ್ಕವನ್ನು ಯಾರೂ ಅಲ್ಲಗಳೆದಿಲ್ಲ. ಇಷ್ಟು ನಿಷ್ಠುರವಾಗಿ ಬರೆದ ಸರ್ಕಾರಿ ಗದ್ಯ ಅಪರೂಪ.

ಆದರೆ ವರದಿಯ ಭಾರವೆಲ್ಲ ಬಿದ್ದಿರುವುದು ವಿಕಿರಣದ ಮೇಲೆ. ಅಣುಶಕ್ತಿಯೆಂದರೆ ವಿಕಿರಣ, ವಿಕಿರಣವೆಂದರೆ ಅಪಾಯ ಎಂಬ ಸಾಮಾನ್ಯ ಭಾವನೆಯನ್ನೇ ಪರಿಶೋಧಕರೂ ಅಂಗೀಕರಿಸಿದಂತೆ ಕಾಣುತ್ತದೆ. ಇಂಧನವನ್ನು ತಯಾರಿಸುವ ಸ್ಥಾವರಗಳಿಗೆ ಈ ಅಳತೆಗೋಲು ಸಾಲದು.

ಕಾರಣವನ್ನು ಸ್ವಲ್ಪ ವಿವರಿಸಬೇಕು. ಯುರೇನಿಯಮ್ಮನ್ನು ಸಮೃದ್ಧಗೊಳಿಸಬೇಕಾದರೆ, ಎಂದರೆ ಅದರಲ್ಲಿ 235ನೆಯ ಸಮಸ್ಥಾನಿಯ ಪ್ರಮಾಣವನ್ನು ಹೆಚ್ಚಿಸಬೇಕಾದರೆ, ಅದನ್ನು ಮೊದಲು ಅನಿಲರೂಪಕ್ಕೆ ತರಬೇಕು. ಇದಕ್ಕೆ ಒದಗುವ ಸಂಯುಕ್ತವೇ ಯುರೇನಿಯಂ ಹೆಕ್ಸಾಫ್ಲೋರೈಡ್. ಸಾಮಾನ್ಯ ಉಷ್ಣತೆಯಲ್ಲಿ ಅದು ಬಿಳಿಯ ಘನವಸ್ತು. ಸುಮಾರು 56 ಡಿಗ್ರಿ ಸೆಂಟಿಗ್ರೇಡಿಗೆ ನೇರವಾಗಿ ಆವಿಯಾಗುತ್ತದೆ. ಗಾಳಿಯ ತೇವ ತಾಕಿದೊಡನೆ ಅದು ಒಡೆದು ಜಲಜನಕ ಫ್ಲೋರೈಡ್ ಮತ್ತು ಯುರೇನೈಲ್ ಫ್ಲೋರೈಡ್ ಎಂಬ ಎರಡು ವಸ್ತುಗಳಾಗುತ್ತದೆ. ಮೊದಲನೆಯದು ಶ್ವಾಸಕೋಶಗಳನ್ನು ಸುಡುತ್ತದೆ, ಚರ್ಮದ ಮೂಲಕ ಒಳನುಗ್ಗಿ ದೇಹದ ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಎರಡನೆಯದು ನೀರಿನಲ್ಲಿ ಕರಗಿ ಮೂತ್ರಪಿಂಡಗಳಿಗೆ ವಿಷವಾಗುತ್ತದೆ. ಇಂಥ ಸೋರಿಕೆಯಲ್ಲಿ ಕೆಲಸಗಾರನನ್ನು ಮೊದಲು ಕೊಲ್ಲುವುದು ರಸಾಯನವೇ. ವಿಕಿರಣದ ಸರದಿ ಬರುವುದು ಬಹಳ ಹಿಂದೆ.

1986ರ ಜನವರಿ 4ರಂದು ಅಮೆರಿಕದ ಒಕ್ಲಹೋಮ ಸಂಸ್ಥಾನದ ಗೋರ್ ಎಂಬ ಊರಿನ ಸಿಕೋಯಾ ಫ್ಯುಯೆಲ್ಸ್ ಕಾರ್ಖಾನೆಯಲ್ಲಿ ಇದು ಪ್ರತ್ಯಕ್ಷವಾಗಿ ನಡೆಯಿತು. ಹೆಕ್ಸಾಫ್ಲೋರೈಡನ್ನು ತುಂಬುತ್ತಿದ್ದ ಒಂದು ಉರುಳೆಯು ತಕ್ಕಡಿಯ ಮೇಲೆ ಸರಿಯಾಗಿ ಕುಳಿತಿರಲಿಲ್ಲ. ಬಂಡಿಯ ಒಂದು ಗಾಲಿ ತಕ್ಕಡಿಯ ಹೊರಗಿದ್ದುದರಿಂದ ತೂಕವು ಕಡಮೆಯೆಂದು ತೋರಿತು. ಉರುಳೆಯು ಮಿತಿಮೀರಿ ತುಂಬಿತು. ಹೆಚ್ಚಾದುದನ್ನು ಹೊರತೆಗೆಯಲು, ನಿಯಮಕ್ಕೆ ವಿರುದ್ಧವಾಗಿ, ಅದನ್ನು ಹಬೆಯ ಪೆಟ್ಟಿಗೆಯಲ್ಲಿಟ್ಟು ಕಾಯಿಸಿದರು. ಕರಗುವಾಗ ಈ ವಸ್ತುವಿನ ಗಾತ್ರವು ಮೂರರಲ್ಲೊಂದು ಪಾಲಿನಷ್ಟು ಹಿಗ್ಗುತ್ತದೆ. ಉರುಳೆಯು ಸೀಳಿತು. ಒಬ್ಬ ಕೆಲಸಗಾರ ಜಲಜನಕ ಫ್ಲೋರೈಡಿನ ಆವಿಯನ್ನು ಸೇವಿಸಿ ಸತ್ತನು. ಒಂದು ಗಾಲಿಯ ಸ್ಥಾನ, ಒಂದು ತಕ್ಕಡಿಯ ಅಂಕಿ: ಈ ಮರಣದ ಕಾರಣಗಳಲ್ಲಿ ಪರಮಾಣು ವಿಜ್ಞಾನದ ರಹಸ್ಯವೆಂಬುದು ಒಂದೂ ಇಲ್ಲ.

ಚರಿತ್ರಕಾರನಿಗೆ ಹೆಚ್ಚು ಬೋಧಪ್ರದವಾದುದು ಅನಂತರದ ಕಾಗದಪತ್ರಗಳು. ಸತ್ತವನು ಯಾರ ಅಧಿಕಾರವ್ಯಾಪ್ತಿಯಲ್ಲಿ ಸತ್ತನು ಎಂಬ ಪ್ರಶ್ನೆ ಎದ್ದಿತು. ಪರಮಾಣು ನಿಯಂತ್ರಣ ಆಯೋಗದ ಕಣ್ಣು ವಿಕಿರಣದ ಮೇಲೆ, ವೃತ್ತಿಸುರಕ್ಷೆಯ ಇಲಾಖೆಯ ಕಣ್ಣು ಸಾಮಾನ್ಯ ಕಾರ್ಖಾನೆಗಳ ಮೇಲೆ. ನಡುವಣ ಜಾಗ ಯಾರದೂ ಅಲ್ಲ. 1988ರ ಅಕ್ಟೋಬರಿನಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದು, ಪರವಾನಗಿ ಪಡೆದ ವಿಕಿರಣಶೀಲ ವಸ್ತುವಿನಿಂದ ಹುಟ್ಟುವ ರಾಸಾಯನಿಕ ಅಪಾಯವೂ ಆಯೋಗದ ಹೊಣೆಯೆಂದು ಬರೆದುಕೊಂಡರು. 2000ದಲ್ಲಿ ಆಯೋಗವು ತನ್ನ ನಿಯಮಗಳನ್ನು ತಿದ್ದಿ, ಇಂಧನ ಸ್ಥಾವರದ ಒಡೆಯನು ವಿಕಿರಣದ ಅಪಾಯದೊಡನೆ ರಾಸಾಯನಿಕ ಅಪಾಯವನ್ನೂ ಒಟ್ಟಿಗೆ ವಿಶ್ಲೇಷಿಸಿ ಸಾರಾಂಶವನ್ನು ಒಪ್ಪಿಸಬೇಕೆಂದು ವಿಧಿಸಿತು.

ಅದೇ 2000ದ ಏಪ್ರಿಲಿನಲ್ಲಿ ನಮ್ಮಲ್ಲಿ ಹೊರಟ ಆಜ್ಞೆಯ ದಿಕ್ಕು ಬೇರೆ. ಅಣುಶಕ್ತಿ ಆಯೋಗದ ಅಧ್ಯಕ್ಷರು ಭಾಭಾ ಅಣು ಸಂಶೋಧನ ಕೇಂದ್ರದ ಸ್ಥಾವರಗಳನ್ನು ನಿಯಂತ್ರಣ ಮಂಡಲಿಯ ಪರಿಶೀಲನೆಯಿಂದ ತೆಗೆದು, ಕೇಂದ್ರದ ಒಳಗಣ ಸುರಕ್ಷಾ ಸಮಿತಿಗೇ ಒಪ್ಪಿಸಿದರು. ರತ್ನಹಳ್ಳಿಯ ಸ್ಥಾವರವು ಆ ಕೇಂದ್ರದ ಅಂಗ. 1993ರಿಂದ 1996ರ ವರೆಗೆ ಮಂಡಲಿಯ ಅಧ್ಯಕ್ಷರಾಗಿದ್ದ ಎ. ಗೋಪಾಲಕೃಷ್ಣನ್ ಅವರು ಈ ಏರ್ಪಾಡನ್ನು ಬಹಿರಂಗವಾಗಿಯೇ ಖಂಡಿಸಿದರು. ಮಂಡಲಿಯ ಕೆಲಸವನ್ನು ಪರಿಶೋಧಿಸಿದ 2012ರ ವರದಿಯು ಮಂಡಲಿಯ ಎಲ್ಲೆಯನ್ನೇ ತನ್ನ ಎಲ್ಲೆಯಾಗಿ ಮಾಡಿಕೊಂಡಿತು. ಹೈದರಾಬಾದಿನ ಪರಮಾಣು ಇಂಧನ ಸಮುಚ್ಚಯವು ಮಂಡಲಿಯ ಕಣ್ಣಿಗೆ ಬೀಳುತ್ತದೆ, ಆದುದರಿಂದ ಪರಿಶೋಧಕರ ಕಣ್ಣಿಗೂ ಬೀಳಬಲ್ಲುದು; ರತ್ನಹಳ್ಳಿಯು ಎರಡೂ ಕಣ್ಣುಗಳಿಗೆ ಮರೆ. ರತ್ನಹಳ್ಳಿಯಲ್ಲಿ ಅನಾಹುತವಾಗಿದೆಯೆಂದಾಗಲಿ ಅಲ್ಲಿನ ತಜ್ಞರು ಅಸಡ್ಡೆಯವರೆಂದಾಗಲಿ ನಾವು ಹೇಳುತ್ತಿಲ್ಲ. ತಜ್ಞರ ನಿಷ್ಠೆ ಬೇರೆ, ಹೊರಗಿನವರು ಓದಬಹುದಾದ ಪರಿಶೀಲನೆ ಬೇರೆ. ಕಲ್ಪಾಕ್ಕಂನ ಮರುಸಂಸ್ಕರಣ ಸ್ಥಾವರದಲ್ಲಿ 2003ರ ಜನವರಿಯಲ್ಲಿ ಆರು ಮಂದಿ ನೌಕರರು ಮಿತಿಮೀರಿದ ವಿಕಿರಣಕ್ಕೆ ಒಳಗಾದ ಸಂಗತಿಯು ಸಾರ್ವಜನಿಕರಿಗೆ ತಿಳಿದುದು ತಿಂಗಳುಗಳ ಮೇಲೆ. ಅದೂ ಇದೇ ಒಳಗಣ ಸಮಿತಿಯ ವ್ಯಾಪ್ತಿಗೆ ಸೇರಿದ ಸ್ಥಾವರ.

ಬೆಂಗಳೂರಿನ ಪೂರ್ವಭಾಗದ ವಾಚಕರಿಗೆ ಒಂದು ಹೋಲಿಕೆಯಿಂದ ಈ ವ್ಯತ್ಯಾಸವು ಸ್ಪಷ್ಟವಾದೀತು. ಕೃಷ್ಣರಾಜಪುರದ ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆಯೂ, ಬೈಯಪ್ಪನಹಳ್ಳಿಯಲ್ಲಿ 2002ರ ವರೆಗೆ ನಡೆದ ಎನ್.ಜಿ.ಇ.ಎಫ್. ಕಾರ್ಖಾನೆಯೂ 1948ರ ಕಾರ್ಖಾನೆಗಳ ಕಾಯಿದೆಗೆ ಒಳಪಟ್ಟಿದ್ದುವು. ಅಂಥ ಕಡೆ ಒಂದು ಆಮ್ಲದ ತೊಟ್ಟಿಯಿದ್ದರೆ ಅದನ್ನು ನೋಡಲು ರಾಜ್ಯಸರ್ಕಾರದ ಕಾರ್ಖಾನೆ ಇನ್ಸ್‌ಪೆಕ್ಟರು ಬಾಗಿಲು ತಟ್ಟಬಹುದಾಗಿತ್ತು. ಅಣುಶಕ್ತಿಯ ಕಾರ್ಖಾನೆಗಳಲ್ಲಿ ಅದೇ ಕಾಯಿದೆಯ ಆಡಳಿತವನ್ನು 1962ರ ಕಾಯಿದೆಯು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಆಮ್ಲ ಒಂದೇ, ಗೇಟು ಬೇರೆ.

ಇಂಥ ಗಡಿಯ ಅನುಭವ ದಂಡಿನ ಪ್ರದೇಶಕ್ಕೆ ಹೊಸದಲ್ಲ. 1881ರಿಂದ 1947ರ ವರೆಗೆ ಬೆಂಗಳೂರು ದಂಡು ರೆಸಿಡೆಂಟರ ಆಳ್ವಿಕೆಯಲ್ಲಿಯೂ ಪೇಟೆಯು ಮೈಸೂರು ಸರ್ಕಾರದ ಆಳ್ವಿಕೆಯಲ್ಲಿಯೂ ಇದ್ದುವು. 1898ರ ಆಗಸ್ಟಿನಲ್ಲಿ ಪ್ಲೇಗು ಬಂದಾಗ ಅದು ಕಬ್ಬನ್ ಪಾರ್ಕಿನ ಆಚೀಚೆಗೆ ಅಪ್ಪಣೆ ಕೇಳಿ ಓಡಾಡಲಿಲ್ಲ. ಎರಡು ಆಡಳಿತಗಳು ಒಂದೇ ರೋಗವನ್ನು ತಂತಮ್ಮ ಅಧಿಕಾರಿಗಳ ಮೂಲಕ ಎದುರಿಸಬೇಕಾಯಿತು. ಆದರೂ ಇಂದು ನಾವು ಆ ಎರಡು ಆಡಳಿತಗಳನ್ನು ತೂಗಿನೋಡಬಲ್ಲೆವು, ಏಕೆಂದರೆ ಎರಡೂ ಕಡೆಯ ವರದಿಗಳು ಉಳಿದಿವೆ. ರತ್ನಹಳ್ಳಿಯ ಮುಂದಿನ ಚರಿತ್ರಕಾರನ ಕೈಗೆ ಆ ಸೌಲಭ್ಯವನ್ನು ನಾವು ಕೊಡುತ್ತಿಲ್ಲ.

ರಾಷ್ಟ್ರರಕ್ಷಣೆಗೆ ಗೋಪ್ಯ ಅಗತ್ಯವೆಂಬ ಉತ್ತರವನ್ನು ಲಘುವಾಗಿ ತಳ್ಳಿಹಾಕಲಾಗದು. ಎಷ್ಟು ಯಂತ್ರಗಳು ತಿರುಗುತ್ತಿವೆ, ಎಷ್ಟು ವಸ್ತು ಸಿದ್ಧವಾಗುತ್ತಿದೆ ಎಂಬುದನ್ನು ಯಾವ ರಾಷ್ಟ್ರವೂ ಸಾರಿಹೇಳುವುದಿಲ್ಲ. ಆದರೆ ಜಲಜನಕ ಫ್ಲೋರೈಡಿನ ಗುಣದಲ್ಲಿ ಗೋಪ್ಯವೇನಿದೆ? ಅಮೆರಿಕದ ನ್ಯೂ ಮೆಕ್ಸಿಕೊ ಸಂಸ್ಥಾನದ ಲೀ ಜಿಲ್ಲೆಯಲ್ಲಿ ಕಟ್ಟಬೇಕೆಂದಿದ್ದ ಸಮೃದ್ಧೀಕರಣ ಸ್ಥಾವರದ ಸುರಕ್ಷಾ ಪರಿಶೀಲನೆಯನ್ನು ಅಲ್ಲಿನ ಆಯೋಗವು 2005ರಲ್ಲಿ ಅಚ್ಚುಹಾಕಿಸಿತು. ಅಲ್ಲಿಯ ಯಂತ್ರಗಳ ರಚನೆ ಗೋಪ್ಯವೇ. ಹಾಗಿದ್ದೂ ರಾಸಾಯನಿಕ ಸುರಕ್ಷೆಯನ್ನು ಕುರಿತ ಪ್ರತ್ಯೇಕ ಅಧ್ಯಾಯ ಆ ಗ್ರಂಥದಲ್ಲಿದೆ. ಯಂತ್ರವನ್ನು ಮುಚ್ಚಿಟ್ಟು ವಿಷವನ್ನು ಕುರಿತು ಮಾತನಾಡುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ. 2012ರ ವರದಿಯು ಈ ಭೇದವನ್ನು ಎತ್ತಿ ಹಿಡಿದಿದ್ದರೆ, ಗೋಪ್ಯದ ವಾದವನ್ನು ಅದರ ನ್ಯಾಯವಾದ ಜಾಗಕ್ಕೆ ಸೀಮಿತಗೊಳಿಸಬಹುದಾಗಿತ್ತು. ವಿಕಿರಣವೊಂದನ್ನೇ ಹಿಡಿದು ಹೋದುದರಿಂದ ಅದು ಆ ಅವಕಾಶವನ್ನು ಕಳೆದುಕೊಂಡಿತೆಂಬುದೇ ನಮ್ಮ ಮುಖ್ಯ ಆಕ್ಷೇಪಣೆ.

ಮುಂದಿನ ಘಟನೆಗಳು ಸಂಕ್ಷೇಪವಾಗಿ ಇವು. ಸ್ವತಂತ್ರ ಪ್ರಾಧಿಕಾರವನ್ನು ಸ್ಥಾಪಿಸಲು 2011ರಲ್ಲಿ ಮಂಡಿಸಿದ್ದ ಮಸೂದೆಯು 2014ರಲ್ಲಿ ಲೋಕಸಭೆಯೊಡನೆ ಮುಗಿದುಹೋಯಿತು. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯು 2013ರ ಡಿಸೆಂಬರಿನ ತನ್ನ ವರದಿಯಲ್ಲಿ ಪರಿಶೋಧಕರ ಟೀಕೆಗಳನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಶಾಸನವು ಮಂಡಲಿಗೆ ಶಾಸನಬದ್ಧ ಸ್ಥಾನವನ್ನು ಕೊಟ್ಟು, ಸಮೃದ್ಧೀಕರಣದ ಕೆಲಸವನ್ನು ಕೇಂದ್ರ ಸರ್ಕಾರದಲ್ಲಿಯೇ ಇರಿಸಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಾವಲುಭೂಮಿಯಲ್ಲಿ ಭಾಭಾ ಕೇಂದ್ರಕ್ಕೆ ಸುಮಾರು 1,800 ಎಕರೆಯನ್ನು ಕೊಟ್ಟಿರುವುದರಿಂದ ಈ ಪ್ರಶ್ನೆ ಇಲವಾಲದಲ್ಲಿಯೇ ನಿಲ್ಲುವಂಥದಲ್ಲ.

ಭೋಪಾಲದ ದುರಂತದ ಅನಂತರ ಹೊರಟ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳನ್ನು ಈ ದೃಷ್ಟಿಯಿಂದ ಪುನಃ ಓದಬೇಕಾಗಿದೆ. ಅವುಗಳ ಪಟ್ಟಿಯಲ್ಲಿ ಜಲಜನಕ ಫ್ಲೋರೈಡಿನ ಹೆಸರಿದೆ. ಜಾರಿಮಾಡುವ ಅಧಿಕಾರಿಗಳ ಪಟ್ಟಿಯಲ್ಲಿ ಅಣುಶಕ್ತಿ ನಿಯಂತ್ರಣ ಮಂಡಲಿಯ ಹೆಸರೂ ಇದೆ. ದೊಡ್ಡ ಅಪಘಾತ ಸಂಭವಿಸಿದರೆ ಬಾಧೆಗೊಳಗಾಗಬಹುದಾದ ನೆರೆಯವರಿಗೆ ಅಪಾಯದ ಸ್ವರೂಪವನ್ನೂ ಆಗ ಮಾಡಬೇಕಾದುದನ್ನೂ ಸ್ಥಾವರದ ಒಡೆಯನು ಮುಂಚಿತವಾಗಿ ತಿಳಿಸಬೇಕೆಂದು ಅವುಗಳ 15ನೆಯ ನಿಯಮವು ಹೇಳುತ್ತದೆ.