ಒಂದೇ ಉತ್ತರದ ಮೇಷ್ಟ್ರು

ಸ್ಟೀವ್ ಜಾಬ್ಸ್ 1993ರಲ್ಲಿ ಕೊಟ್ಟ ಒಂದು ಪುಟ್ಟ ವಿಡಿಯೊ ಸಂದರ್ಶನವಿದೆ. ಮಾತೆಲ್ಲ ಅಮೆರಿಕದ ಗ್ರಾಫಿಕ್ ಡಿಸೈನರ್ ಪಾಲ್ ರ‍್ಯಾಂಡ್ ಕುರಿತದ್ದು. ಜಾಬ್ಸ್ ತಮ್ಮ ‘ನೆಕ್ಸ್ಟ್’ ಕಂಪನಿಯ ಲೋಗೊಗೆ ನಾಲ್ಕಾರು ಮಾದರಿ ತೋರಿಸುತ್ತೀರಾ ಎಂದು ಕೇಳಿದರಂತೆ. ಇಲ್ಲ, ನಿಮ್ಮ ಸಮಸ್ಯೆಯನ್ನು ಬಗೆಹರಿಸುತ್ತೇನೆ, ನೀವು ದುಡ್ಡು ಕೊಡುತ್ತೀರಿ, ಬಳಸುವುದೂ ಬಿಡುವುದೂ ನಿಮ್ಮಿಷ್ಟ. ಹಲವು ಮಾದರಿ ಬೇಕಿದ್ದರೆ ಬೇರೆಯವರ ಹತ್ತಿರ ಹೋಗಿ ಎಂದರಂತೆ ರ‍್ಯಾಂಡ್. 1986ರಲ್ಲಿ ಆ ಒಂದು ಉತ್ತರಕ್ಕೆ ಸಂದದ್ದು ಒಂದು ಲಕ್ಷ ಡಾಲರ್. ಡಿಸೈನರ್‌ಗಳ ನಡುವೆ ಈ ಕಥೆ ಪುರಾಣವಾಗಿಬಿಟ್ಟಿದೆ.

ನನಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಇನ್ನೊಂದು ಮಾತುಕತೆ. 1995ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ರ‍್ಯಾಂಡ್ ಅರಿಜೋನ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಅಧ್ಯಾಪಕ ಮೈಕೆಲ್ ಕ್ರೋಗರ್ ಮತ್ತು ಅವರ ವಿದ್ಯಾರ್ಥಿಗಳ ಜತೆ ಕೂತು ಮಾತಾಡಿದ್ದರು. ಅದು ಪುಸ್ತಕವಾಗಿ ಬಂದದ್ದು 2008ರಲ್ಲಿ. ಅಲ್ಲಿ ದರ್ಪದ ಮಾತಿಗಿಂತ ಮೇಷ್ಟ್ರ ಪಟ್ಟೇ ಎದ್ದು ಕಾಣುತ್ತದೆ. ಡಿಸೈನ್ ಅಂದರೇನು ಎಂಬ ಬುಡದ ಪ್ರಶ್ನೆಯನ್ನು ದಾಟಿ ಮುಂದೆ ಹೋಗಲು ಅವರು ಯಾರನ್ನೂ ಬಿಡುವುದಿಲ್ಲ. ರೂಪಕ್ಕೂ ವಸ್ತುವಿಗೂ ಇರುವ ಸಂಬಂಧ ಅನ್ನುವಲ್ಲಿಗೇ ಮತ್ತೆ ಮತ್ತೆ ಎಳೆದು ತರುತ್ತಾರೆ. ತತ್ತ್ವಜ್ಞಾನಿ ಜಾನ್ ಡ್ಯೂಯಿಯನ್ನು ಓದಿ ಅನ್ನುತ್ತಾರೆ. ಎಂಬತ್ತರ ಮುದುಕನ ಸಿಡುಕು ಇದೆ, ಸರಿ. ಆದರೆ ಆ ಸಿಡುಕು ಕಾರಣ ಹೇಳಲಾರದ ಕೆಲಸದ ಮೇಲಿನದು.

ರ‍್ಯಾಂಡ್ ಪರಂಪರೆಯ ನಿಜವಾದ ಬಲ ಇಲ್ಲಿದೆ ಎಂದು ನನ್ನ ವಾದ. ಬ್ರೂಕ್ಲಿನ್ನಿನ ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ 1914ರಲ್ಲಿ ಹುಟ್ಟಿದ ಪೆರೆಟ್ಸ್ ರೋಸೆನ್‌ಬಾಮ್ ತಮ್ಮ ಹೆಸರನ್ನೇ ಪಾಲ್ ರ‍್ಯಾಂಡ್ ಎಂದು ಇಂಗ್ಲಿಷಿನ ನಾಲ್ಕು ನಾಲ್ಕು ಅಕ್ಷರಗಳ ಎರಡು ತುಂಡಾಗಿಸಿಕೊಂಡವರು. ಅದನ್ನೇ ಅವರ ಮೊದಲ ಲೋಗೊ ಅನ್ನಬಹುದೇನೋ! ಯುರೋಪಿನ ಆಧುನಿಕರಿಂದ, ಜರ್ಮನಿಯ ಕಲಾಶಾಲೆ ಬೌಹೌಸ್‌ನಿಂದ ಕಲಿತದ್ದನ್ನು ಅಮೆರಿಕದ ವ್ಯಾಪಾರಕ್ಕೆ ಒಗ್ಗಿಸಿದರು. 1956ರಲ್ಲಿ ಐಬಿಎಂ, 1961ರಲ್ಲಿ ಯುಪಿಎಸ್, 1962ರಲ್ಲಿ ಎಬಿಸಿ ಟೆಲಿವಿಷನ್ ಲೋಗೊಗಳನ್ನು ಮಾಡಿದರು. ಐಬಿಎಂ ಅಕ್ಷರಗಳಿಗೆ 1972ರಲ್ಲಿ ಬಂದ ಅಡ್ಡಪಟ್ಟೆಗಳು ಇವತ್ತಿಗೂ ಇವೆ. ನೆಕ್ಸ್ಟ್‌ಗೆ ಅವರು ಕೊಟ್ಟದ್ದು ಬರೀ ಓರೆಯಾಗಿ ನಿಂತ ಕಪ್ಪು ಘನವಲ್ಲ, ಜತೆಗೊಂದು ಪುಸ್ತಿಕೆ. ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆದರೆ ಬಾಗಿಲ ಮೇಲಿನ ‘ಎಕ್ಸಿಟ್’ ಬೋರ್ಡು ನೆನಪಾಗಬಹುದು, ಅದಕ್ಕೇ ‘ಇ’ ಸಣ್ಣಕ್ಷರ. ಘನ 28 ಡಿಗ್ರಿ ವಾಲಿದರೆ ಸಲುಗೆ ಬರುತ್ತದೆ. ಹೀಗೆ ಒಂದೊಂದು ಹೆಜ್ಜೆಗೂ ಸಮರ್ಥನೆ. ಒಂದೇ ಉತ್ತರ ಕೊಡುವ ಹಕ್ಕನ್ನು ಅವರು ಈ ವಿವರಣೆಯಿಂದ ಗಳಿಸಿದ್ದರು. ಆಮೇಲೆ ಬಂದವರು ಪುಸ್ತಿಕೆಯನ್ನು ಬಿಟ್ಟು ಠೀವಿಯನ್ನೂ ಬಿಲ್ಲನ್ನೂ ಉಳಿಸಿಕೊಂಡರು.

ಪರಂಪರೆಯ ಕುರುಡೂ ಸಣ್ಣದಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡ್ ಪಾಠ ಶುರುಮಾಡಿದ್ದು 1956ರಲ್ಲಿ. 1990ರಲ್ಲಿ ಸ್ತ್ರೀವಾದಿ ಡಿಸೈನರ್ ಶೀಲಾ ಡಿ ಬ್ರೆಟ್‌ವಿಲ್ ಅಲ್ಲಿನ ವಿಭಾಗದ ಮುಖ್ಯಸ್ಥೆಯಾದರು. ರ‍್ಯಾಂಡ್ ಪ್ರತಿಭಟಿಸಿ ಹೊರಬಂದರು, 1992ರಲ್ಲಿ ಹೊಸ ತಲೆಮಾರನ್ನು ಗದರಿಸುವ ಲೇಖನ ಬರೆದರು. ಯಾರಿಗಾಗಿ, ಯಾರ ದುಡ್ಡಿನಲ್ಲಿ ಈ ಕೆಲಸ ಎಂದು ಕೇಳಿದವರಿಗೆ ಅವರಲ್ಲಿ ಉತ್ತರವಿರಲಿಲ್ಲ. ಲೋಗೊಗೆ ಅರ್ಥ ಬರುವುದು ಅದು ಪ್ರತಿನಿಧಿಸುವ ವಸ್ತುವಿನಿಂದ ಎಂದು ಬರೆದವರೂ ಅವರೇ. ಅವರ ಕೊನೆಯ ಕೆಲಸಗಳಲ್ಲೊಂದು ಅಮೆರಿಕದ ಇಂಧನ ಕಂಪನಿ ಎನ್ರಾನ್‌ಗೆ 1996ರಲ್ಲಿ ಮಾಡಿದ ಲೋಗೊ. 2001ರಲ್ಲಿ ಆ ಕಂಪನಿ ಮೋಸದ ಲೆಕ್ಕಗಳಲ್ಲಿ ಮುಳುಗಿದಾಗ ಲೋಗೊದಲ್ಲಿ ವಾಲಿ ನಿಂತ ‘ಇ’ ವಂಚನೆಯ ಗುರುತಾಗಿಹೋಯಿತು. ರೂಪದಲ್ಲಿ ದೋಷವಿರಲಿಲ್ಲ.

ಈ ಶಾಲೆಯ ಬೇರು ನಮ್ಮಲ್ಲಿಗೂ ಇಳಿದಿದೆ. ಯೇಲ್‌ನಲ್ಲೂ ಕಲಿಸುತ್ತಿದ್ದ ಸ್ವಿಸ್ ಗುರು ಆರ್ಮಿನ್ ಹಾಫ್‌ಮನ್ 1965ರಲ್ಲಿ ಅಹಮದಾಬಾದಿನ ಡಿಸೈನ್ ಶಾಲೆ ಎನ್‌ಐಡಿಗೆ ಪಾಠ ಮಾಡಲು ಬಂದಿದ್ದರು. ಎನ್‌ಐಡಿಯಲ್ಲೂ ಆಮೇಲೆ ಯೇಲ್‌ನಲ್ಲೂ ಓದಿದ ಸುಜಾತಾ ಕೇಶವನ್ 1989ರಲ್ಲಿ ಬೆಂಗಳೂರಿನಲ್ಲಿ ‘ರೇ ಅಂಡ್ ಕೇಶವನ್’ ಡಿಸೈನ್ ಸಂಸ್ಥೆ ಕಟ್ಟಿದರು. ಶಿಸ್ತು, ಮಿತವ್ಯಯ, ಅಚ್ಚುಕಟ್ಟು ಈ ದಾರಿಯಲ್ಲಿ ಬಂದವು, ಅದು ಲಾಭವೇ. ಆದರೆ ರ‍್ಯಾಂಡ್ ಸಾರ್ವತ್ರಿಕವೆಂದು ನಂಬಿದ್ದ ರೂಪದ ತಳದಲ್ಲಿ ರೋಮನ್ ಅಕ್ಷರವಿತ್ತು. ಕನ್ನಡಕ್ಕೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ತಲೆಕಟ್ಟು, ಗುಣಿತ, ಒತ್ತು ಎಲ್ಲ ಸೇರಿ ಒಂದು ಸಾಲು ಮೇಲಕ್ಕೂ ಕೆಳಕ್ಕೂ ಜಾಗ ಕೇಳುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಲೋಗೊ ಮೊದಲು ತಯಾರಾಗುತ್ತದೆ, ಕನ್ನಡವನ್ನು ಅದರ ದಪ್ಪ, ಎತ್ತರಕ್ಕೆ ಆಮೇಲೆ ಹಿಗ್ಗಿಸಿ ಕುಗ್ಗಿಸುತ್ತಾರೆ. ಒತ್ತಕ್ಷರ ಬೋರ್ಡಿನ ಅಂಚಿಗೆ ತಾಗುತ್ತದೆ. ರೂಪಕ್ಕೂ ವಸ್ತುವಿಗೂ ಇರುವ ಸಂಬಂಧದ ಪಾಠವನ್ನು ನಿಜಕ್ಕೂ ಕಲಿತಿದ್ದರೆ ಹೀಗಾಗುತ್ತಿರಲಿಲ್ಲ.

ಸಂಸ್ಥೆಗೆ ಲೋಗೊ ಮಾಡಿಸುವವರು ಹತ್ತು ಮಾದರಿ ಕೇಳಬೇಡಿ, ಒಂದೇ ಸಾಕು. ಅದನ್ನು ಮೊದಲು ಕನ್ನಡದಲ್ಲಿ ಬರೆಸಿ, ಹೀಗೇಕೆ ಬರೆದಿರಿ ಎಂಬುದಕ್ಕೆ ಲಿಖಿತ ಉತ್ತರ ಕೇಳಿ.